ಹಕ್ಕಿ ಓಡಿಸುತ್ತಿದ್ದ ಹುಡುಗನ ಚಿನ್ನದ ಕಂಠ

ಆಫ್ರಿಕಾ ಖಂಡದ ಭೂಪಟವನ್ನು ಮುಂದಿಟ್ಟುಕೊಂಡು ಅದರ ಪಶ್ಚಿಮ ಭಾಗದ ಮೇಲೆ ಬೆರಳಾಡಿಸಿದರೆ ನೈಜರ್ ನದಿಯ ನೀಲಿ ಗೆರೆ ಬಿಲ್ಲಿನಂತೆ ಬಾಗಿರುವುದು ಕಾಣುತ್ತದೆ. ಗಿನಿ ದೇಶದ ಬೆಟ್ಟಗಳಲ್ಲಿ ಹುಟ್ಟುವ ಈ ನದಿ ಹತ್ತಿರದ ಸಮುದ್ರವನ್ನು ಬಿಟ್ಟು ಸಹಾರಾ ಮರುಭೂಮಿಯ ಕಡೆಗೆ ಮುಖ ಮಾಡುತ್ತದೆ. ಟಿಂಬಕ್ಟು ಪಟ್ಟಣದ ಬಳಿ ಬಳಸಿ, ಮತ್ತೆ ದಕ್ಷಿಣಕ್ಕೆ ತಿರುಗುತ್ತದೆ. ಆ ಬಿಲ್ಲಿನ ಬಹುಭಾಗ ಇರುವ ದೇಶವೇ ಮಾಲಿ. ಸಮುದ್ರತೀರವಿಲ್ಲದ, ಮಳೆಯನ್ನೇ ನಂಬಿ ಬದುಕುವ ರೈತರ ನಾಡು ಅದು. ಹಣದಲ್ಲಿ ಬಡದೇಶವಾದರೂ ಹಾಡಿನಲ್ಲಿ ಬಹಳ ಶ್ರೀಮಂತ.

ಮಾಲಿಯ ರಾಜಧಾನಿ ಬಮಾಕೋಗೆ ನೈರುತ್ಯದಲ್ಲಿ, ಇದೇ ನದಿಯ ದಂಡೆಯಲ್ಲಿ ಜೋಲಿಬಾ ಎಂಬ ಹಳ್ಳಿಯಿದೆ. ಅಲ್ಲಿನ ಜನ ನೈಜರ್ ನದಿಯನ್ನು ಕರೆಯುವುದೂ ಅದೇ ಹೆಸರಿನಿಂದ. 1949ರ ಆಗಸ್ಟ್ 25ರಂದು ಆ ಹಳ್ಳಿಯ ಒಂದು ರೈತ ಕುಟುಂಬದಲ್ಲಿ ಗಂಡು ಮಗುವೊಂದು ಹುಟ್ಟಿತು. ತಂದೆ ತಾಯಿ ಇಬ್ಬರದೂ ಕಪ್ಪು ಮೈಬಣ್ಣ. ಮಗುವಿನ ಚರ್ಮ ಮಾತ್ರ ಬೆಳ್ಳಗೆ, ಕೂದಲು ತಿಳಿ ಹಳದಿ. ಬಿಸಿಲಿಗೆ ಕಣ್ಣು ಬಿಡಲಾರದ ಕೂಸು. ಮಗು ಹುಟ್ಟಿದ ಮನೆಯಲ್ಲಿ ಹಬ್ಬವಾಗುವ ಬದಲು ಗುಸುಗುಸು ಶುರುವಾಯಿತು. ಇಂಥ ಮಗು ಹುಟ್ಟುವುದು ಕೇಡಿನ ಸೂಚನೆ ಎಂಬ ನಂಬಿಕೆ ಅಲ್ಲಿ ಬೇರೂರಿತ್ತು.

ಆ ಮಗುವೇ ಸಲೀಫ್ ಕೇಯ್ಟಾ. ಮುಂದೆ ‘ಆಫ್ರಿಕಾದ ಚಿನ್ನದ ಕಂಠ’ ಎಂದು ಜಗತ್ತು ಕೊಂಡಾಡಿದ ಗಾಯಕ, ಗೀತರಚನಕಾರ. ಆತನಿಗೆ ಹುಟ್ಟಿನಿಂದಲೇ ಎರಡು ಆಸ್ತಿಗಳು ಬಂದಿದ್ದವು. ಒಂದು ರಾಜವಂಶದ ಹೆಸರು, ಇನ್ನೊಂದು ಬಿಳಿಯ ಚರ್ಮ. ಎರಡೂ ಆತನ ದಾರಿಗೆ ಅಡ್ಡ ನಿಂತದ್ದು ಹೇಗೆ, ಅವನ್ನು ದಾಟಿ ಆತ ನಡೆದದ್ದು ಹೇಗೆ ಎಂಬುದು ಮಕ್ಕಳೂ ಪೋಷಕರೂ ಕೂಡಿ ಓದಬೇಕಾದ ಕಥೆ.

ರಾಜನ ಮಗ ಹಾಡಬಾರದು

ಮಾಲಿಯಲ್ಲಿ ‘ಕೇಯ್ಟಾ’ ಎಂಬುದು ಸಾಮಾನ್ಯ ಮನೆತನದ ಹೆಸರಲ್ಲ. ಹದಿಮೂರನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಡಿಯಾಟಾ ಕೇಯ್ಟಾನ ವಂಶದ ಹೆಸರದು. ಸುಮಾರು 1235ರಲ್ಲಿ ಕಿರಿನಾ ಎಂಬಲ್ಲಿ ನಡೆದ ಯುದ್ಧದಲ್ಲಿ ಸೊಸ್ಸೊ ದೊರೆಯನ್ನು ಸೋಲಿಸಿ ಆತ ರಾಜ್ಯ ಸ್ಥಾಪಿಸಿದನೆಂದು ಹೇಳುತ್ತಾರೆ. 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟು, ದಾರಿಯುದ್ದಕ್ಕೂ ಚಿನ್ನ ಹಂಚಿ ಚರಿತ್ರೆಯ ಪುಟ ಸೇರಿದ ದೊರೆ ಮಾನ್ಸಾ ಮೂಸಾ ಇದೇ ಮನೆತನದವನು.

ಸುಂಡಿಯಾಟಾನ ಕಥೆಯನ್ನು ಅಲ್ಲಿನ ಜನ ಇಂದಿಗೂ ಹಾಡಿ ಕೇಳುತ್ತಾರೆ. ಆ ಕಥೆಯಲ್ಲಿ ಸ್ವಾರಸ್ಯಕರವಾದ ಒಂದು ಸಂಗತಿಯಿದೆ. ಸುಂಡಿಯಾಟಾ ಹುಟ್ಟಿದಾಗ ಕಾಲಿಲ್ಲದವನಂತಿದ್ದ. ಓರಗೆಯ ಮಕ್ಕಳು ಓಡಾಡುತ್ತಿದ್ದಾಗ ಆತ ನೆಲದ ಮೇಲೆ ತೆವಳುತ್ತಿದ್ದ. ಸವತಿಯ ಚುಚ್ಚುಮಾತಿಗೆ ತಾಯಿ ಕಣ್ಣೀರಿಟ್ಟ ದಿನ ಕಬ್ಬಿಣದ ಸಲಾಕೆಯೊಂದನ್ನು ಊರಿಕೊಂಡು ಎದ್ದು ನಿಂತನಂತೆ. ಅಂಗವಿಕಲ ಮಗುವೊಂದನ್ನು ಮೂಲಪುರುಷನೆಂದು ಹಾಡಿ ಹೊಗಳುವ ಸಮಾಜವೇ ಏಳುನೂರು ವರ್ಷಗಳ ನಂತರ ಅದೇ ವಂಶದಲ್ಲಿ ಹುಟ್ಟಿದ ಬಿಳಿಯ ಮಗುವನ್ನು ಕಂಡು ಹೆದರಿತು!

ಈ ಕಥೆಯನ್ನು ಹಾಡುವವರು ಯಾರು? ಅವರಿಗಾಗಿಯೇ ಅಲ್ಲೊಂದು ಪಂಗಡವಿದೆ. ಅವರನ್ನು ‘ಜೆಲಿ’ ಎಂದೂ, ಫ್ರೆಂಚರ ಬಾಯಲ್ಲಿ ‘ಗ್ರಿಯೋ’ ಎಂದೂ ಕರೆಯುತ್ತಾರೆ. ನಮ್ಮ ಹೆಳವರು ಮನೆ ಬಾಗಿಲಿಗೆ ಬಂದು ವಂಶಾವಳಿ ಹೇಳುವಂತೆ, ಜೆಲಿಗಳು ರಾಜರ, ವೀರರ ಪೀಳಿಗೆಗಳನ್ನು ಬಾಯಿಪಾಠವಾಗಿ ಹಾಡುತ್ತಾರೆ. ಕಾಗದವಿಲ್ಲದ ಕಾಲದಲ್ಲಿ ಅವರ ನಾಲಿಗೆಯೇ ಇತಿಹಾಸದ ಪುಸ್ತಕ. ದೊಡ್ಡ ಸೋರೆ ಬುರುಡೆಯ ಅರ್ಧಕ್ಕೆ ಹಸುವಿನ ಚರ್ಮ ಬಿಗಿದು 21 ತಂತಿ ಕಟ್ಟಿದ ‘ಕೋರಾ’ ಅವರ ಮುಖ್ಯ ವಾದ್ಯ. ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ‘ಬಲಾಫೋನ್’ ಇನ್ನೊಂದು.

ಕಸುಬುಗಳೆಲ್ಲ ಹುಟ್ಟಿನಿಂದಲೇ ಹಂಚಿಹೋದ ಸಮಾಜವದು. ಕಮ್ಮಾರನ ಮಗ ಕಮ್ಮಾರ, ಜೆಲಿಯ ಮಗ ಜೆಲಿ. ಹಾಡುವುದು ಜೆಲಿಯ ಕೆಲಸ, ಹಾಡಿಸಿಕೊಂಡು ದಾನ ಕೊಡುವುದು ಕೇಯ್ಟಾಗಳ ಕೆಲಸ. ರಾಜವಂಶದವನೊಬ್ಬ ನಾಲ್ಕು ಜನರ ಮುಂದೆ ನಿಂತು ಹಾಡಿ ಹಣ ತೆಗೆದುಕೊಂಡರೆ ಇಡೀ ಮನೆತನದ ಮಾನ ಹೋದಂತೆ. ಮನೆಯಲ್ಲಿ ಸಿರಿ ಉಳಿದಿಲ್ಲದಿದ್ದರೂ ಈ ಕಟ್ಟು ಮಾತ್ರ ಉಳಿದಿತ್ತು.

ತಪ್ಪು ಯಾರದ್ದು?

ಕಪ್ಪು ಬಣ್ಣದ ತಂದೆ ತಾಯಿಗೆ ಬಿಳಿಯ ಮಗು ಹುಟ್ಟಿದ್ದು ಹೇಗೆ? ಜೋಲಿಬಾದ ಜನ ಕೇಳಿದ ಈ ಪ್ರಶ್ನೆಗೆ ಉತ್ತರ ವಿಜ್ಞಾನದಲ್ಲಿದೆ.

ಮನುಷ್ಯನ ಚರ್ಮ, ಕೂದಲು, ಕಣ್ಣುಗಳಿಗೆ ಬಣ್ಣ ಕೊಡುವ ವಸ್ತುವಿನ ಹೆಸರು ಮೆಲನಿನ್. ಚರ್ಮದಲ್ಲಿರುವ ಮೆಲನೋಸೈಟ್ ಎಂಬ ಜೀವಕೋಶಗಳು ಇದನ್ನು ತಯಾರಿಸುತ್ತವೆ. ಕಚ್ಚಾವಸ್ತು ಟೈರೋಸಿನ್ ಎಂಬ ಅಮೈನೋ ಆಮ್ಲ. ಅದನ್ನು ಮೆಲನಿನ್ ಆಗಿ ಬದಲಿಸುವ ಕೆಲಸದಲ್ಲಿ ಟೈರೋಸಿನೇಸ್ ಎಂಬ ಕಿಣ್ವದ ಪಾತ್ರ ಬಹಳ ದೊಡ್ಡದು. ಈ ಕೆಲಸಕ್ಕೆ ಬೇಕಾದ ಸೂಚನೆಗಳು ವಂಶವಾಹಿಗಳಲ್ಲಿ ಬರೆದಿರುತ್ತವೆ. ಸೂಚನೆಯಲ್ಲಿ ದೋಷವಿದ್ದರೆ ಕಾರ್ಖಾನೆ ಇದ್ದರೂ ಮಾಲು ಹೊರಬರುವುದಿಲ್ಲ. ಬಂದರೂ ಸಾಕಷ್ಟು ಬರುವುದಿಲ್ಲ. ಈ ಸ್ಥಿತಿಗೇ ಆಲ್ಬಿನಿಸಂ ಎಂದು ಹೆಸರು.

ಇದು ತೊನ್ನಲ್ಲ ಎಂಬುದನ್ನು ಗಮನಿಸಬೇಕು. ತೊನ್ನಿನಲ್ಲಿ ಹುಟ್ಟಿದಾಗ ಸರಿಯಾಗಿದ್ದ ಚರ್ಮ ಮುಂದೆ ಎಂದೋ ಅಲ್ಲಲ್ಲಿ ಮಚ್ಚೆಯಾಗಿ ಬಣ್ಣ ಕಳೆದುಕೊಳ್ಳುತ್ತದೆ. ಆಲ್ಬಿನಿಸಂ ಹುಟ್ಟಿನಿಂದಲೇ ಇರುತ್ತದೆ, ಹೆಚ್ಚಾಗಿ ಇಡೀ ಮೈಗೆ ಸಂಬಂಧಿಸಿರುತ್ತದೆ. ಎರಡೂ ಅಂಟುರೋಗಗಳಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಬೆಂಚಿನಲ್ಲಿ ಕೂತರೆ ಯಾರಿಗೂ ಬರುವುದಿಲ್ಲ.

ಪ್ರತಿಯೊಬ್ಬರಲ್ಲೂ ಬಣ್ಣದ ಸೂಚನೆಯ ಎರಡು ಪ್ರತಿಗಳಿರುತ್ತವೆ; ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಕೆಲಸ ನಡೆಯುತ್ತದೆ. ಮೈಬಣ್ಣದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಇಂಥವರನ್ನು ವಾಹಕರು ಎನ್ನುತ್ತಾರೆ. ತಾವು ವಾಹಕರೆಂದು ಅವರಿಗೇ ಗೊತ್ತಿರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಬಗೆಯ ದೋಷದ ವಾಹಕರಾಗಿದ್ದರೆ, ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಸಿಗುವ ಸಂಭವ ನಾಲ್ಕರಲ್ಲಿ ಒಂದು. ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಖಂಡಿತ ಬರುತ್ತದೆ ಎಂದು ಇದರ ಅರ್ಥವಲ್ಲ. ಪ್ರತಿ ಬಸಿರಿನಲ್ಲೂ ಸಂಭವ ಅಷ್ಟೇ ಇರುತ್ತದೆ. ರಕ್ತಸಂಬಂಧದೊಳಗೆ ಮದುವೆಯಾದಾಗ ಇಬ್ಬರೂ ಒಂದೇ ದೋಷವನ್ನು ಹೊತ್ತಿರುವ ಸಾಧ್ಯತೆ ಹೆಚ್ಚು.

ಯೂರೋಪು, ಉತ್ತರ ಅಮೆರಿಕಗಳಲ್ಲಿ ಸುಮಾರು 17,000ದಿಂದ 20,000 ಜನರಲ್ಲಿ ಒಬ್ಬರಿಗೆ ಆಲ್ಬಿನಿಸಂ ಇರುತ್ತದೆ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಇದು 5,000ದಿಂದ 15,000 ಜನರಲ್ಲಿ ಒಬ್ಬರಿಗೆ ಎಂಬ ಅಂದಾಜಿದೆ. ಎಲ್ಲರೂ ಬೆಳ್ಳಗಿರುವ ಊರಿನಲ್ಲಿ ಇಂಥ ಮಗು ಅಷ್ಟಾಗಿ ಕಣ್ಣಿಗೆ ಬೀಳದು. ಎಲ್ಲರೂ ಕಪ್ಪಗಿರುವ ಊರಿನಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ.

ಇಲ್ಲಿ ಯೋಚಿಸಬೇಕಾದ ಮಾತೊಂದಿದೆ. ಇಂಥ ಮಗು ಹುಟ್ಟಿದಾಗ ಲೋಕ ಬೆರಳು ತೋರಿಸುವುದು ತಾಯಿಯ ಕಡೆಗೆ. ಜೋಲಿಬಾದಲ್ಲೂ ಹಾಗೆಯೇ ಆಯಿತು. ತಂದೆ ಮೊದಲಿಗೆ ತಾಯಿಯನ್ನೂ ಮಗುವನ್ನೂ ದೂರ ಮಾಡಿದ್ದರೆಂದೂ ಅನಂತರ ಮನೆಗೆ ಕರೆದುಕೊಂಡರೆಂದೂ ಸಲೀಫ್ ಕೇಯ್ಟಾ ಮುಂದೆ ಹೇಳಿಕೊಂಡಿದ್ದಾರೆ. ಆದರೆ ಆ ಬಿಳಿಬಣ್ಣದಲ್ಲಿ ಅರ್ಧ ಪಾಲು ತಂದೆಯದೇ! ತಂದೆಯಿಂದ ಒಂದು ಪ್ರತಿ ಬರದಿದ್ದರೆ ಮಗು ಹಾಗೆ ಹುಟ್ಟುತ್ತಲೇ ಇರಲಿಲ್ಲ. ಇದು ತಂದೆಯ ತಪ್ಪೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಇಬ್ಬರಿಗೂ ತಿಳಿಯದಂತೆ ಪೀಳಿಗೆಗಳಿಂದ ಸಾಗಿಬಂದದ್ದು.

ಕಣ್ಣು ಮುಚ್ಚಿಸಿದ ಬಾಗಿಲು

ಹುಡುಗ ಶಾಲೆಗೆ ಸೇರಿದ. ಓದಿನಲ್ಲಿ ಆಸಕ್ತಿಯಿತ್ತು. ಆದರೆ ಕರಿಹಲಗೆಯ ಮೇಲಿನ ಅಕ್ಷರ ಕಾಣುವುದೇ ಕಷ್ಟ. ಓರಗೆಯವರ ಅಪಹಾಸ್ಯ ಬೇರೆ.

ಆಲ್ಬಿನಿಸಂ ಇರುವವರ ದೃಷ್ಟಿ ಮಂದವಾಗಿರುವುದಕ್ಕೂ ಕಾರಣ ಮೆಲನಿನ್ನೇ. ತಾಯಿಯ ಗರ್ಭದಲ್ಲಿ ಕಣ್ಣು ರೂಪುಗೊಳ್ಳುವಾಗ ಈ ವಸ್ತು ಬೇಕು. ಅದರ ಕೊರತೆಯಾದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ, ಅತಿ ಸ್ಪಷ್ಟವಾಗಿ ನೋಡಲು ನೆರವಾಗುವ ನಡುಭಾಗ ಪೂರ್ತಿ ಬೆಳೆಯುವುದಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ನರತಂತುಗಳೂ ಎಂದಿನ ದಾರಿ ಬಿಟ್ಟು ಬೇರೆ ಕಡೆ ದಾಟುತ್ತವೆ. ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಅಲುಗುತ್ತಿರುತ್ತವೆ. ಪಾಪೆಯ ಸುತ್ತಲಿನ ಪೊರೆಯಲ್ಲಿ ಬಣ್ಣವಿಲ್ಲದ್ದರಿಂದ ಬೆಳಕು ಎಲ್ಲ ಕಡೆಯಿಂದ ನುಗ್ಗಿ ಕಣ್ಣು ಕೋರೈಸುತ್ತದೆ. ಕನ್ನಡಕ ಹಾಕಿದರೆ ಸ್ವಲ್ಪ ಸುಧಾರಿಸೀತು, ಪೂರ್ತಿ ಸರಿಹೋಗುವುದಿಲ್ಲ. ಆದರೆ ಬುದ್ಧಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಬೇರೆ ಹುಡುಗರು ಹತ್ತಿರ ಸೇರಿಸದಿದ್ದಾಗ ಸಲೀಫನ ಕಾಲ ಹೊಲದಲ್ಲಿ ಕಳೆಯುತ್ತಿತ್ತು. ಬೆಳೆಗೆ ಬೀಳುವ ಹಕ್ಕಿಗಳನ್ನೂ ಮಂಗಗಳನ್ನೂ ಕೂಗಿ ಓಡಿಸುವುದು ಆತನ ಕೆಲಸ. ದೂರದಲ್ಲಿರುವುದು ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಕಂಠ ಅಷ್ಟು ದೂರ ಮುಟ್ಟುತ್ತಿತ್ತು. ಆ ಕೂಗಿನಲ್ಲೇ ತನ್ನ ಸ್ವರ ಬಲಿಯಿತೆಂದು ಅವರು ಹೇಳಿಕೊಂಡದ್ದುಂಟು. ಹಳ್ಳಿಗೆ ಬರುತ್ತಿದ್ದ ಜೆಲಿಗಳ ಹಾಡು ಕಿವಿಗೆ ಬೀಳುತ್ತಿತ್ತು. ಗುರು ಇಲ್ಲ, ಪಾಠವಿಲ್ಲ. ಹೊಲದ ಬಯಲೇ ಸಂಗೀತ ಶಾಲೆ.

ಆದರೂ ಹುಡುಗನ ಆಸೆಯಿದ್ದದ್ದು ಗಾಯಕನಾಗಬೇಕೆಂದಲ್ಲ, ಶಾಲಾ ಶಿಕ್ಷಕನಾಗಬೇಕೆಂದು! ಆ ದಾರಿಯಲ್ಲೇ ಓದು ಮುಂದುವರಿಸಿದ. ಕೊನೆಗೆ ಆತನ ಕಣ್ಣು ಆ ಕೆಲಸಕ್ಕೆ ತಕ್ಕದ್ದಲ್ಲವೆಂಬ ತೀರ್ಮಾನವಾಯಿತು. ಮಂದದೃಷ್ಟಿಯವನಿಗೆ ಶಿಕ್ಷಕವೃತ್ತಿ ಇಲ್ಲ. ಕಲಿಸಬೇಕಾದ ವಿಷಯ ಬರುತ್ತದೆಯೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ.

ಒಂದು ಬಾಗಿಲು ಮುಚ್ಚಿತು. ಉಳಿದದ್ದು ಹಾಡು. ಅದನ್ನು ಹಿಡಿಯೋಣವೆಂದರೆ ಮನೆತನದ ಕಟ್ಟಳೆ. ರಾಜವಂಶದ ಹುಡುಗ ಜೆಲಿಗಳಂತೆ ಹಾಡುವುದೇ ಎಂದು ಮನೆಯವರು ಸಿಟ್ಟಾದರು. 1960ರ ದಶಕದ ಕೊನೆಯಲ್ಲಿ ಸಲೀಫ್ ಹಳ್ಳಿ ಬಿಟ್ಟು ಬಮಾಕೋ ಸೇರಿದ. ಕೈಯಲ್ಲೊಂದು ಗಿಟಾರು. ಬೀದಿಯಲ್ಲಿ, ಬಾರುಗಳಲ್ಲಿ ಹಾಡಿದರೆ ಆ ದಿನದ ಊಟ.

ರೈಲು ನಿಲ್ದಾಣದ ಹಾಡುಗಾರ

ಮಾಲಿ ದೇಶಕ್ಕೆ ಫ್ರೆಂಚರಿಂದ ಸ್ವಾತಂತ್ರ್ಯ ಬಂದದ್ದು 1960ರಲ್ಲಿ. ಹೊಸ ದೇಶಕ್ಕೆ ತನ್ನದೇ ದನಿ ಬೇಕಿತ್ತು. ಸರಕಾರವೇ ವಾದ್ಯವೃಂದಗಳನ್ನು ಪೋಷಿಸಿ, ಹಳೆಯ ಹಾಡುಗಳನ್ನು ಗಿಟಾರು, ಸ್ಯಾಕ್ಸೊಫೋನುಗಳಲ್ಲಿ ನುಡಿಸಲು ಉತ್ತೇಜನ ಕೊಡುತ್ತಿತ್ತು. 1970ರಲ್ಲಿ ರೈಲ್ವೆ ಇಲಾಖೆಯ ಆಶ್ರಯದಲ್ಲಿ ಹುಟ್ಟಿದ ‘ರೈಲ್ ಬ್ಯಾಂಡ್’ ಅಂಥದೊಂದು ತಂಡ. ಬಮಾಕೋದ ರೈಲು ನಿಲ್ದಾಣದ ಹೋಟೆಲೇ ಅದರ ರಂಗಸ್ಥಳ. ಸೆನೆಗಲ್ ದೇಶದ ಡಕಾರ್ ಬಂದರಿಗೆ ಹೋಗಿಬರುವ ರೈಲುಗಳ ಪ್ರಯಾಣಿಕರೂ ಊರಿನವರೂ ಅಲ್ಲಿ ಸೇರುತ್ತಿದ್ದರು. ತಂಡದ ನಾಯಕ ತಿಜಾನಿ ಕೋನೆ ಈ ಬಿಳಿಯ ಯುವಕನ ಕಂಠ ಗುರುತಿಸಿ ತಂಡಕ್ಕೆ ಸೇರಿಸಿಕೊಂಡರು.

ಕ್ಯೂಬಾದ ನೃತ್ಯಸಂಗೀತ ಆಗ ಪಶ್ಚಿಮ ಆಫ್ರಿಕಾದಲ್ಲೆಲ್ಲ ಮನೆಮಾತು. ಅಟ್ಲಾಂಟಿಕ್ ಸಾಗರದ ಆಚೆ ಗುಲಾಮರಾಗಿ ಹೋದವರ ತಾಳ ರೇಡಿಯೋ, ಗ್ರಾಮಾಫೋನುಗಳ ಮೂಲಕ ತವರಿಗೆ ಮರಳಿತ್ತು. ಆ ತಾಳಕ್ಕೆ ಜೆಲಿಗಳ ಧಾಟಿ ಸೇರಿದಾಗ ಹೊಸ ಸಂಗೀತವೊಂದು ಹುಟ್ಟಿತು. ಸಲೀಫರ ಸ್ವರ ಅದರ ಮೇಲೆ ತೇಲಿತು. ಎತ್ತರದ ಸ್ಥಾಯಿಯಲ್ಲಿ ತೆಗೆದು, ತುಸು ಒರಟಾಗಿ, ಅಳುವಿಗೂ ಆಜ್ಞೆಗೂ ನಡುವೆ ನಿಲ್ಲುವ ಸ್ವರ ಅದು.

1973ರಲ್ಲಿ ಅವರು ‘ಲೆಸ್ ಅಂಬಾಸಡರ್ಸ್’ ಎಂಬ ಇನ್ನೊಂದು ತಂಡಕ್ಕೆ ಹೋದರು. ಅಲ್ಲಿ ಗಿನಿ ದೇಶದ ಗಿಟಾರ್ ವಾದಕ ಕಾಂಟೆ ಮಾನ್‌ಫಿಲಾ ಜೊತೆಯಾದರು. ರೈಲ್ ಬ್ಯಾಂಡಿನಲ್ಲಿ ಸಲೀಫರ ಜಾಗಕ್ಕೆ ಬಂದ ಗಾಯಕ ಮೋರಿ ಕಾಂಟೆ ಕೂಡ ಮುಂದೆ ಲೋಕಪ್ರಸಿದ್ಧನಾದ. ಎರಡು ತಂಡಗಳ ಪೈಪೋಟಿಯಿಂದ ಬಮಾಕೋದ ಕೇಳುಗರಿಗೆ ಹಬ್ಬ!

ಗಡಿ ದಾಟಿದ ದನಿ

ಆ ವೇಳೆಗೆ ಮಾಲಿಯಲ್ಲಿ ಸೈನ್ಯದ ಆಳ್ವಿಕೆ. ರಾಜಕೀಯ ಬಿಗಿಯಾಗುತ್ತಿದ್ದಂತೆ 1978ರಲ್ಲಿ ಸಲೀಫ್ ಮತ್ತು ಸಂಗಡಿಗರು ನೆರೆಯ ಐವರಿ ಕೋಸ್ಟ್ ದೇಶದ ಅಬಿಜಾನ್ ನಗರಕ್ಕೆ ವಲಸೆ ಹೋದರು. ಅಲ್ಲಿ ಧ್ವನಿಮುದ್ರಿಸಿದ ‘ಮಾಂಜು’ ಎಂಬ ಹಾಡು ಪಶ್ಚಿಮ ಆಫ್ರಿಕಾದ ತುಂಬ ಹರಡಿತು. ತಮ್ಮನ್ನು ಗೌರವಿಸಿದ್ದ ಗಿನಿಯ ಅಧ್ಯಕ್ಷ ಸೇಕು ಟೂರೆ ಅವರನ್ನು ಹೊಗಳಿ ಕಟ್ಟಿದ ಹಾಡದು. ದೊರೆಯನ್ನು ಹೊಗಳಿ ಹಾಡುವುದು ಜೆಲಿಯ ಕೆಲಸ. ರಾಜವಂಶದ ಸಲೀಫ್ ಆ ಗೆರೆಯನ್ನು ಬಹಿರಂಗವಾಗಿಯೇ ದಾಟಿದ್ದರು. ಆದರೆ ಹೊಗಳಿಸಿಕೊಂಡ ದೊರೆಯ ಸೆರೆಮನೆಗಳಲ್ಲಿ ವಿರೋಧಿಗಳು ಸಾಯುತ್ತಿದ್ದರೆಂಬುದೂ ಇತಿಹಾಸ ಮರೆಯದ ಸಂಗತಿ. ಇಂಪಾದ ಹಾಡೆಲ್ಲ ನ್ಯಾಯದ ಹಾಡಾಗಿರಬೇಕೆಂದಿಲ್ಲ.

1984ರಲ್ಲಿ ಅವರು ಪ್ಯಾರಿಸಿಗೆ ಹೋಗಿ ನೆಲೆಸಿದರು. ಮಾಲಿಯಿಂದ ದುಡಿಯಲು ಬಂದ ಸಾವಿರಾರು ಜನ ಆ ನಗರದಲ್ಲಿದ್ದರು. 1987ರಲ್ಲಿ ಇಬ್ರಾಹಿಮಾ ಸಿಲ್ಲಾ ಅವರ ನಿರ್ಮಾಣದಲ್ಲಿ ‘ಸೊರೊ’ ಎಂಬ ಧ್ವನಿಮುದ್ರಿಕೆ ಹೊರಬಂತು. ಹಳ್ಳಿಯ ಧಾಟಿ, ಹೆಂಗಸರ ಮೇಳಗಾನ, ತುತ್ತೂರಿಗಳು, ವಿದ್ಯುತ್ ಕೀಬೋರ್ಡುಗಳು ಎಲ್ಲವೂ ಅದರಲ್ಲಿ ಬೆರೆತಿದ್ದವು. ಭಾಷೆ ಅರ್ಥವಾಗದ ಯೂರೋಪಿನ ಕೇಳುಗರೂ ತಲೆದೂಗಿದರು. ‘ವಿಶ್ವಸಂಗೀತ’ ಎಂಬ ಹಣೆಪಟ್ಟಿ ಅಂಗಡಿಗಳಲ್ಲಿ ಕಾಣಿಸಿಕೊಂಡ ವರ್ಷವೂ ಅದೇ. 1991ರ ‘ಆಮೆನ್’ ಧ್ವನಿಮುದ್ರಿಕೆಯನ್ನು ಜಾಜ್ ಸಂಗೀತದ ಜೋ ಜಾವಿನುಲ್ ನಿರ್ಮಿಸಿದರು. ಗಿಟಾರ್ ವಾದಕ ಕಾರ್ಲೋಸ್ ಸಾಂಟಾನಾ, ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ಅದರಲ್ಲಿ ನುಡಿಸಿದರು. ಅದು ಗ್ರ್ಯಾಮಿ ಪ್ರಶಸ್ತಿಗೆ ನಾಮಕರಣವೂ ಆಯಿತು. 1999ರಲ್ಲಿ ಬಂದ ಧ್ವನಿಮುದ್ರಿಕೆಯ ಹೆಸರು ‘ಪಪಾ’, ಅಂದರೆ ‘ಅಪ್ಪ’. ಹುಟ್ಟಿದಾಗ ದೂರ ಮಾಡಿದ, ಹಾಡಲು ಹೊರಟಾಗ ಮುನಿದ ಮನೆಯ ಹಿರಿಯನ ನೆನಪನ್ನು ಮಗ ಹಾಡಿನಲ್ಲೇ ಉಳಿಸಿದ.

ಊರಿಗೆ ಮರಳಿದ ಕೊಳಲು

ಹೊಸ ಶತಮಾನ ಹುಟ್ಟುವ ಹೊತ್ತಿಗೆ ಅವರ ಮನಸ್ಸು ಊರಿನ ಕಡೆಗೆ ತಿರುಗಿತ್ತು. 2002ರಲ್ಲಿ ಬಂದ ಧ್ವನಿಮುದ್ರಿಕೆಯಲ್ಲಿ ವಿದ್ಯುತ್ ವಾದ್ಯಗಳ ಅಬ್ಬರವನ್ನು ಕೈಬಿಟ್ಟು, ಗಿಟಾರು ಮತ್ತು ನಾಡಿನ ತಂತಿವಾದ್ಯಗಳನ್ನು ಮುಂದೆ ತಂದರು. ಅದರ ಹೆಸರು ‘ಮೊಫು’. ಮೊಫು ಎಂದರೆ ಧಾನ್ಯದ ಪೈರಿನ ದಂಟಿನಿಂದ ಮಾಡುವ ಚಿಕ್ಕ ಕೊಳಲು. ಹೊಲ ಕಾಯುವ ಮಕ್ಕಳು ಹಕ್ಕಿಗಳನ್ನು ಓಡಿಸಲು ಅದನ್ನು ಊದುತ್ತಾರೆ. ಜಗತ್ತನ್ನು ಸುತ್ತಿದ ಗಾಯಕ ತನ್ನ ಸಂಗೀತಕ್ಕೆ ಹೆಸರು ಹುಡುಕಿದ್ದು ಜೋಲಿಬಾದ ಹೊಲದಲ್ಲಿ! ಕೇಪ್ ವರ್ಡ್ ದ್ವೀಪಗಳ ಗಾಯಕಿ ಸೆಝಾರಿಯಾ ಎವೋರಾ ಅದರಲ್ಲಿ ಅವರೊಡನೆ ಒಂದು ಹಾಡು ಹಾಡಿದ್ದಾರೆ. ಬಮಾಕೋದಲ್ಲಿ ಅವರು ತೆರೆದ ಸಂಗೀತ ತಾಣಕ್ಕೂ ಅದೇ ಹೆಸರು.

ಬಿಳಿಯ ಮಕ್ಕಳಿಗಾಗಿ

ಕೀರ್ತಿ ಬಂದ ಮೇಲೆ ಕೇಯ್ಟಾ ತಮ್ಮ ಚರ್ಮದ ವಿಷಯವನ್ನು ಮರೆಮಾಚಲಿಲ್ಲ. ಆಲ್ಬಿನಿಸಂ ಇರುವವರ ನೆರವಿಗೆಂದು 2005ರಲ್ಲಿ ತಮ್ಮ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. 2009ರಲ್ಲಿ ‘ಲಾ ದಿಫೆರಾನ್ಸ್’, ಅಂದರೆ ‘ವ್ಯತ್ಯಾಸ’ ಎಂಬ ಧ್ವನಿಮುದ್ರಿಕೆಯನ್ನು ಇದೇ ಉದ್ದೇಶಕ್ಕಾಗಿ ಹೊರತಂದರು. ಮರುವರ್ಷ ಅದಕ್ಕೆ ಫ್ರಾನ್ಸಿನ ‘ವಿಕ್ಟೊಯರ್ ದ ಲಾ ಮ್ಯೂಸಿಕ್’ ಪ್ರಶಸ್ತಿ ಬಂತು.

ಇದು ಬರಿಯ ಸಹಾನುಭೂತಿಯ ಪ್ರಶ್ನೆಯಾಗಿರಲಿಲ್ಲ. ಇಂಥವರ ಅಂಗಾಂಗಗಳಲ್ಲಿ ಮಾಂತ್ರಿಕ ಶಕ್ತಿಯಿದೆ, ಅದರಿಂದ ಹಣ, ಅಧಿಕಾರ ಸಿಗುತ್ತದೆ ಎಂಬ ಮೂಢನಂಬಿಕೆ ಆಫ್ರಿಕಾದ ಕೆಲವು ಕಡೆ ಕೊಲೆಗಳಿಗೂ ಕಾರಣವಾಗಿದೆ. 2018ರ ಮೇ ತಿಂಗಳಲ್ಲಿ ಮಾಲಿಯ ಫಾನಾ ಎಂಬ ಊರಿನಲ್ಲಿ ಆಲ್ಬಿನಿಸಂ ಇದ್ದ ಐದು ವರ್ಷದ ಹೆಣ್ಣುಮಗುವನ್ನು ಅಪಹರಿಸಿ ಕೊಂದರು. ಅದೇ ವರ್ಷ ನವೆಂಬರಿನಲ್ಲಿ ಕೇಯ್ಟಾ ಅದೇ ಊರಿಗೆ ಹೋಗಿ ಆ ಮಗುವಿನ ನೆನಪಿನಲ್ಲಿ ಕಚೇರಿ ನಡೆಸಿದರು. ಆಗಷ್ಟೇ ಬಿಡುಗಡೆಯಾಗಿದ್ದ ಧ್ವನಿಮುದ್ರಿಕೆಯ ಹೆಸರು ‘ಆನ್ ಓತ್ರ್ ಬ್ಲಾನ್’. ‘ಇನ್ನೊಬ್ಬ ಬಿಳಿಯ’ ಎಂದು ಅದರ ಅರ್ಥ. ಇದೇ ತಮ್ಮ ಕೊನೆಯ ಧ್ವನಿಮುದ್ರಿಕೆ ಎಂದು ಅವರು ಆಗ ಸಾರಿದ್ದರು.

ವಿಶ್ವಸಂಸ್ಥೆಯ ಮಹಾಸಭೆ 2014ರ ಡಿಸೆಂಬರಿನಲ್ಲಿ ನಿರ್ಣಯ ಕೈಗೊಂಡು, ಜೂನ್ 13ನ್ನು ಅಂತರರಾಷ್ಟ್ರೀಯ ಆಲ್ಬಿನಿಸಂ ಜಾಗೃತಿ ದಿನವೆಂದು ಘೋಷಿಸಿತು. 2015ರಿಂದ ಅದನ್ನು ಆಚರಿಸಲಾಗುತ್ತಿದೆ. ಕೊಲೆಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಸುದ್ದಿಯಾಗದೆ ಹೆಚ್ಚು ಜೀವ ತೆಗೆಯುವುದು ಬಿಸಿಲು. ಮೆಲನಿನ್ ಎಂಬ ಕೊಡೆಯಿಲ್ಲದ ಚರ್ಮವನ್ನು ಸೂರ್ಯನ ಅತಿನೇರಳೆ ಕಿರಣಗಳು ಸುಟ್ಟು, ವರ್ಷಗಳ ನಂತರ ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ, ಬಿಸಿಲು ತಡೆಯುವ ಲೇಪನ ಇಷ್ಟಿದ್ದರೆ ಬಹುಮಟ್ಟಿಗೆ ತಪ್ಪಿಸಬಹುದಾದ ಕಾಯಿಲೆ ಇದು.

ಕೇಯ್ಟಾ ಅವರ ಮಗಳು ನಾಂತೆನಿನ್ ಕೇಯ್ಟಾಗೂ ಆಲ್ಬಿನಿಸಂ ಇದೆ. 1984ರಲ್ಲಿ ಬಮಾಕೋದಲ್ಲಿ ಹುಟ್ಟಿದ ಆಕೆ ಫ್ರಾನ್ಸಿನ ಪರವಾಗಿ ಓಡಿದ ಕ್ರೀಡಾಪಟು. 2016ರ ರಿಯೋ ಪ್ಯಾರಾಲಿಂಪಿಕ್ಸಿನಲ್ಲಿ ದೃಷ್ಟಿದೋಷವುಳ್ಳವರ 400 ಮೀಟರ್ ಓಟದಲ್ಲಿ ಚಿನ್ನದ ಪದಕ ಗೆದ್ದಳು. ಶಿಕ್ಷಕವೃತ್ತಿಗೆ ಸಲ್ಲದೆಂದು ತಂದೆಯನ್ನು ತಿರುಗಿ ಕಳಿಸಿದ ಅದೇ ಬಗೆಯ ಕಣ್ಣು ಮಗಳದು. ಓಡಲು ಆಕೆಗೊಂದು ಸ್ಪರ್ಧೆ ಇತ್ತು, ಅಭ್ಯಾಸಕ್ಕೆ ಮೈದಾನವಿತ್ತು. ವ್ಯತ್ಯಾಸವಿದ್ದದ್ದು ಕಣ್ಣಿನಲ್ಲಲ್ಲ.

ಕೇಯ್ಟಾ ಅವರ ಎಲ್ಲ ನಡೆಗಳನ್ನೂ ಎಲ್ಲರೂ ಒಪ್ಪಿದ್ದಾರೆಂದಲ್ಲ. ಸೈನ್ಯ ಮತ್ತೆ ಅಧಿಕಾರ ಹಿಡಿದ ಮೇಲೆ 2020ರಲ್ಲಿ ರಚಿತವಾದ ಮಾಲಿಯ ಮಧ್ಯಂತರ ಶಾಸನಸಭೆಯಲ್ಲಿ ಅವರು ಸದಸ್ಯರಾದರು. 2023ರಲ್ಲಿ ರಾಜೀನಾಮೆ ಕೊಟ್ಟರು. ಕೊನೆಯ ಧ್ವನಿಮುದ್ರಿಕೆ ಎಂದಿದ್ದ ಮಾತೂ ಉಳಿಯಲಿಲ್ಲ. 2025ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ ‘ಸೊ ಕೊನೊ’ ಬಿಡುಗಡೆಯಾಯಿತು. ‘ಕೋಣೆಯೊಳಗೆ’ ಎಂದು ಅದರ ಅರ್ಥ. ಹೆಚ್ಚಿನ ವಾದ್ಯಗಳ ಗದ್ದಲವಿಲ್ಲದೆ, ಗಿಟಾರು ಹಿಡಿದು ಕೂತು ಹಾಡಿದ ಹಾಡುಗಳು ಅವು. ಬಮಾಕೋದ ಬೀದಿಯಲ್ಲಿ ಆರಂಭಿಸಿದಾಗ ಇದ್ದದ್ದೂ ಅಷ್ಟೇ.

ಮುಂದಿನ ಬೆಂಚು

ಸಲೀಫ್ ಕೇಯ್ಟಾ ಅವರಿಗಿದ್ದಂಥ ಕಂಠ ಕೋಟಿಗೊಬ್ಬರಿಗೆ ಸಿಗಬಹುದು. ಅವರಿಗಿದ್ದಂಥ ಕಣ್ಣು, ಚರ್ಮ ಇರುವ ಮಕ್ಕಳು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರೆಲ್ಲ ಗಾಯಕರಾಗಿ ಗೆಲ್ಲಬೇಕೆಂದು ಕಾಯುವುದು ಸರಿಯಲ್ಲ. ಶಿಕ್ಷಕನಾಗಬೇಕೆಂಬ ಮಗು ಶಿಕ್ಷಕನೇ ಆಗುವಂತಿರಬೇಕು.

ಅದಕ್ಕೆ ಬೇಕಾದದ್ದು ದೊಡ್ಡ ಖರ್ಚಿನ ಏರ್ಪಾಡೇನಲ್ಲ. ತರಗತಿಯಲ್ಲಿ ಮುಂದಿನ ಬೆಂಚು, ಅದೂ ಕಿಟಕಿಯ ಬೆಳಕು ಮುಖಕ್ಕೆ ಬೀಳದ ಜಾಗ. ಹಲಗೆಯ ಮೇಲೆ ಬರೆಯುವಾಗ ಅಕ್ಷರ ದಪ್ಪಗೆ, ಬಾಯಲ್ಲೂ ಹೇಳುತ್ತ ಬರೆಯುವುದು. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಬರೆಯಲು ತುಸು ಹೆಚ್ಚು ಸಮಯ. ಓದುವಾಗ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೆ ಗದರದಿರುವುದು; ಅದರಿಂದ ಕಣ್ಣು ಹಾಳಾಗುವುದಿಲ್ಲ. ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸುವಾಗ ಟೋಪಿ ಹಾಕಲು ಅನುಮತಿ, ಆಟಕ್ಕೆ ಸಂಜೆಯ ಹೊತ್ತು. ಅಡ್ಡಹೆಸರಿಟ್ಟು ಕರೆಯುವ ಸಹಪಾಠಿಗಳಿಗೆ ಮೆಲನಿನ್ನಿನ ಪಾಠವನ್ನು ಒಮ್ಮೆ ಸರಿಯಾಗಿ ಹೇಳಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಇನ್ನರ್ಧ ಕೆಲಸ ಮನೆಯದು. ಮಗು ಹೀಗೆ ಹುಟ್ಟಿತೆಂದು ತಾಯಿಯ ಮೇಲೆ ಹೊರೆ ಹೊರಿಸುವವರು, ಲೆಕ್ಕದಲ್ಲಿ ಅರ್ಧ ಪಾಲು ತಂದೆಯದೂ ಇದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.